ಸಲ್ಲುವುದು, ನಡೆಯುವುದು

ನಮ್ಮ ಸಗರನಾಡಿನ, ಎಂದರೆ ಸುರಪುರ ಶಹಾಪುರ ಪ್ರಾಂತದ, ಕನ್ನಡವು ಶುದ್ಧವಾದುದಲ್ಲ, ನಿಜಾಮರ ಆಳಿಕೆಯಲ್ಲಿ ಉರ್ದುವಿನ ಸಂಪರ್ಕದಿಂದ ಕೆಟ್ಟುಹೋದುದು ಎಂಬ ಮಾತನ್ನು ನಾವು ಬಹುಕಾಲದಿಂದ ಕೇಳುತ್ತ ಬಂದಿದ್ದೇವೆ. ಇದಕ್ಕೆ ದೃಷ್ಟಾಂತವಾಗಿ ಎತ್ತಿ ತೋರಿಸುವ ಪದಗಳಲ್ಲಿ ‘ನಡೀತದ’ ಎಂಬುದೊಂದು. “ಹಗ್ಗ ಹಳೇದದ, ನಡೀತದೇನು?” ಎಂದು ಒಬ್ಬನು ಕೇಳಿದರೆ, “ನಡೀತದ, ಕೊಡ್ರಿ” ಎಂದು ಮತ್ತೊಬ್ಬನು ಹೇಳುತ್ತಾನೆ. ಹಗ್ಗಕ್ಕೆ ಕಾಲಿಲ್ಲ, ಅದು ನಡೆಯುವುದೆಂತು? ಆದುದರಿಂದ ಇದು ಹಿಂದುಸ್ತಾನಿಯ ‘ಚಲ್ತಾ ಹೈ’ ಎಂಬುದರ ನಕಲು, ಕನ್ನಡದ ಜಾಯಮಾನಕ್ಕೆ ಒಗ್ಗದುದು ಎಂದು ಆಕ್ಷೇಪಿಸುವವರ ತೀರ್ಪು. ನಮ್ಮ ಹಳ್ಳಿಗಳ ಹುಡುಗರು ಓದಿಗೆಂದೋ ದುಡಿಮೆಗೆಂದೋ ಬೆಂಗಳೂರಿಗೆ ಹೋಗಿ, ಅಲ್ಲಿ ಈ ಮಾತನ್ನಾಡಿ ನಗೆಗೀಡಾಗಿ, ಊರಿಗೆ ಮರಳಿದ ಮೇಲೆ ಹೆತ್ತ ತಾಯಿಯ ಎದುರಿನಲ್ಲಿಯೂ ‘ನಡೀತದ’ ಎನ್ನಲು ನಾಚಿ ‘ಪರವಾಗಿಲ್ಲ’ ಎನ್ನುತ್ತಾರೆ. ‘ಪರವಾ’ ಎಂಬುದು ಅಚ್ಚ ಪಾರಸೀಕ ಶಬ್ದವೆಂಬುದನ್ನು ಅವರಿಗೆ ಯಾರೂ ಹೇಳಿಕೊಟ್ಟಂತಿಲ್ಲ. ತನ್ನ ಮನೆಯ ಮಾತನ್ನು ಪರಕೀಯವೆಂದು ಬಿಟ್ಟು ಪರಕೀಯವನ್ನು ಶುದ್ಧವೆಂದು ಹಿಡಿಯುವ ಈ ವಿಪರ್ಯಾಸವನ್ನು ಕಂಡೇ ಈ ಲೇಖನವನ್ನು ಬರೆಯಬೇಕಾಯಿತು.

ಚಲನೆಯನ್ನು ಹೇಳುವ ಕ್ರಿಯಾಪದವು ಕಾಲಿಲ್ಲದ ವಸ್ತುಗಳಿಗೂ ಅನ್ವಯಿಸುವುದು ಯಾವುದೊಂದು ಭಾಷೆಯ ವಿಶೇಷವೂ ಅಲ್ಲ, ದೋಷವೂ ಅಲ್ಲ. ಇಂಗ್ಲಿಷಿನ ‘ರನ್’ ಎಂಬ ಕಿರಿಯ ಕ್ರಿಯಾಪದಕ್ಕೆ ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರು ೬೦೦ಕ್ಕೂ ಮೇಲ್ಪಟ್ಟ ಅರ್ಥಗಳನ್ನು ಎಣಿಸಿದ್ದಾರೆ. ಅಲ್ಲಿ ಮನುಷ್ಯನು ಓಡುತ್ತಾನೆ, ಹೊಳೆ ಓಡುತ್ತದೆ, ಯಂತ್ರ ಓಡುತ್ತದೆ, ಅಂಗಡಿ ಓಡುತ್ತದೆ, ಚುನಾವಣೆಗೆ ನಿಲ್ಲುವವನೂ ಓಡುತ್ತಾನೆ. ನಮ್ಮಲ್ಲಿ ಆತನು ನಿಲ್ಲುತ್ತಾನೆ! ಸಂಸ್ಕೃತ ಪಾಠಶಾಲೆಯಲ್ಲಿ ಧಾತುಪಾಠವನ್ನು ಬಾಯಿಪಾಠ ಮಾಡಿದವರಿಗೆ ಒಂದು ಸಂಗತಿ ಚೆನ್ನಾಗಿ ನೆನಪಿರುತ್ತದೆ. ಗಮ್, ಚರ್, ವ್ರಜ್, ಅಟ್, ಸೃ, ಇಣ್ ಮೊದಲಾದ ಎಷ್ಟೋ ಧಾತುಗಳಿಗೆ ಕೊಟ್ಟಿರುವ ಅರ್ಥ ‘ಗತಿ’ ಎಂಬುದೊಂದೇ. ಬಾಲ್ಯದಲ್ಲಿ ಇದು ನಮಗೆ ಸೋಮಾರಿತನವೆಂದು ತೋರುತ್ತಿತ್ತು. ಆದರೆ ಅದೇ ಚರ್ ಧಾತುವು ಉಪಸರ್ಗಗಳ ಬಲದಿಂದ ಆಚಾರ, ವಿಚಾರ, ಪ್ರಚಾರ, ಉಪಚಾರ, ಅಪಚಾರಗಳಾಗಿ, ಇಣ್ ಧಾತುವು ಉಪಾಯ, ಉದಯ, ವ್ಯಯ, ನ್ಯಾಯಗಳಾಗಿ ಹಬ್ಬಿಕೊಂಡಿರುವುದನ್ನು ಕಂಡಾಗ, ಮೂಲದಲ್ಲಿ ಅರ್ಥವನ್ನು ಕಟ್ಟಿಹಾಕದೆ ಬಿಟ್ಟುದೇ ಜಾಣತನವೆಂದು ತಿಳಿಯಿತು. ಸಂಸ್ಕೃತದಲ್ಲಿ ಅರ್ಥಭೇದವು ಧಾತುವಿನ ಮುಂದೆ ಬಂದು ಕೂಡುತ್ತದೆ. ಕನ್ನಡಕ್ಕೆ ಉಪಸರ್ಗಗಳಿಲ್ಲದುದರಿಂದ ಅದು ಧಾತುವಿನ ಹಿಂದೆ ಪ್ರತ್ಯಯವಾಗಿಯೋ, ವಾಕ್ಯದ ಸಂದರ್ಭದಿಂದಲೋ ಹೊಮ್ಮುತ್ತದೆ. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ಕ್ಕೆ ಕನ್ನಡ ಧಾತುಗಳ ಪಟ್ಟಿಯೊಂದನ್ನು ಜೋಡಿಸಿ, ಅವಕ್ಕೆ ಸಂಸ್ಕೃತದಲ್ಲಿಯೇ ಅರ್ಥವನ್ನು ಸೂಚಿಸಿದನು. ಧಾತುಗಳು ಲೋಕದಲ್ಲಿ ಎಲ್ಲೆಲ್ಲಿ ಸಂಚರಿಸಿದುವೆಂಬುದು ಅಂಥ ಪಟ್ಟಿಗಳಲ್ಲಿ ಸಿಕ್ಕುವ ವಿಷಯವಲ್ಲ. ಅದಕ್ಕೆ ಶಾಸನ, ಕಾವ್ಯ ಮತ್ತು ಸಂತೆ, ಈ ಮೂರನ್ನೂ ನೋಡಬೇಕು.

ಪ್ರಾಸಂಗಿಕವಾಗಿ ಇನ್ನೊಂದು ಮಾತು. ಗತ್ಯರ್ಥಕ ಧಾತುಗಳೆಲ್ಲ ಜ್ಞಾನಾರ್ಥಕಗಳೂ ಆಗಬಲ್ಲುವು ಎಂದು ಸಂಸ್ಕೃತ ವೈಯಾಕರಣರಲ್ಲಿ ಒಂದು ಸಮಯವುಂಟು. ಅವಗಮ, ಅಧಿಗಮ ಎಂಬ ಪದಗಳು ಇದಕ್ಕೆ ಸಾಕ್ಷಿ. ಇದನ್ನು ಕನ್ನಡದಲ್ಲಿ ಸಿದ್ಧಪಡಿಸಲು ಪಂಡಿತನೇ ಬೇಕಿಲ್ಲ. “ನನಗೆ ಕನ್ನಡ ಬರುತ್ತದೆ”, “ಅವನಿಗೆ ಈಜು ಬರುವುದಿಲ್ಲ” ಎಂದು ಅಕ್ಷರವರಿಯದವನೂ ಹೇಳುತ್ತಾನೆ. ವಿದ್ಯೆಯು ಎಲ್ಲಿಂದಲೋ ನಮ್ಮ ಬಳಿಗೆ ‘ಬರುವ’ ವಸ್ತುವೆಂದು ನಮ್ಮ ಭಾಷೆ ಭಾವಿಸಿದೆ.

ಪ್ರಕೃತ ವಿಷಯಕ್ಕೆ ಬರೋಣ. ಕನ್ನಡದ ಗತ್ಯರ್ಥಕ ಧಾತುಗಳಲ್ಲಿ ಅತ್ಯಂತ ಕುತೂಹಲಕರವಾದ ಚರಿತ್ರೆಯುಳ್ಳುದು ‘ಸಲ್’ ಎಂಬುದು. ಇದು ಚಲನೆಯ ಧಾತುವೆಂಬುದೇ ಈಗ ನಮಗೆ ಮರೆತುಹೋಗಿದೆ. ತಮಿಳಿನಲ್ಲಿ ‘ಸೆಲ್’ ಎಂದರೆ ಇಂದಿಗೂ ಹೋಗು ಎಂದರ್ಥ. ಮಲೆಯಾಳದ ‘ಚೆಲ್ಲುಕ’ ಎಂಬುದೂ ಅದೇ. ಹಳಗನ್ನಡದಲ್ಲಿಯೂ ‘ಸಲ್’ ಎಂಬುದಕ್ಕೆ ಹೋಗು, ಪ್ರವೇಶಿಸು ಎಂಬ ಅರ್ಥಗಳಿದ್ದುವು. ಭೂತಕಾಲದಲ್ಲಿ ಅದು ‘ಸಂದ’ ಎಂದಾಗುತ್ತದೆ. ಈಗ ಉಳಿದಿರುವ ಪ್ರಯೋಗಗಳನ್ನು ನೋಡಿರಿ: ವರ್ಷಗಳು ಸಂದುವು, ಗೌರವ ಸಂದಿತು, ಅರ್ಜಿಯನ್ನು ಸಲ್ಲಿಸಿದನು, ಅವನಿಗೆ ಸಲ್ಲತಕ್ಕ ಹಣ, ಮಕ್ಕಳ ಸಲುವಾಗಿ, ಇಂಥ ಮಾತು ಸಲ್ಲದು. ಇವುಗಳಲ್ಲಿ ಕಾಲೂ ಇಲ್ಲ, ದಾರಿಯೂ ಇಲ್ಲ. ಆದರೂ ಪ್ರತಿಯೊಂದರಲ್ಲಿಯೂ ಒಂದು ವಸ್ತುವು ಒಂದೆಡೆಯಿಂದ ಹೊರಟು ತನಗೆ ತಕ್ಕ ಎಡೆಯನ್ನು ಹೋಗಿ ಸೇರುವ ಭಾವವಿದೆ. ಸೇರತಕ್ಕಲ್ಲಿಗೆ ಸೇರಿದುದು ಸಂದಿತು, ಸೇರಲಾರದುದು ಸಲ್ಲದು.

ಕಲ್ಯಾಣದ ಚಾಲುಕ್ಯರ ಶಾಸನಗಳನ್ನು ಓದಿದವರಿಗೆ ‘ಸಲುತ್ತಮಿರೆ’ ಎಂಬ ಪದ ಚಿರಪರಿಚಿತ. ಅರಸನ ವಿಜಯರಾಜ್ಯವು ಚಂದ್ರಸೂರ್ಯ ತಾರೆಗಳಿರುವವರೆಗೂ ‘ಸಲುತ್ತಮಿರೆ’ ಇಂಥವನು ಇಂಥ ದತ್ತಿಯನ್ನು ಬಿಟ್ಟನು ಎಂದು ಆ ಶಾಸನಗಳ ಸರಣಿ. ನಮ್ಮ ಸುರಪುರ ಸೀಮೆಯ ಏವೂರಿನಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲದ, ಕ್ರಿ. ಶ. ೧೦೭೭ರ, ಪ್ರಸಿದ್ಧ ಶಾಸನವಿರುವುದನ್ನೂ ಚಾಲುಕ್ಯರ ವಂಶಾವಳಿಯನ್ನು ನಿರ್ಣಯಿಸುವುದಕ್ಕೆ ಫ್ಲೀಟ್ ಮೊದಲಾದ ವಿದ್ವಾಂಸರು ಅದನ್ನು ಆಧಾರವಾಗಿ ಹಿಡಿದುದನ್ನೂ ವಾಚಕರು ಬಲ್ಲರು. ಆ ಕಾಲದ ಅರಸನ ದೃಷ್ಟಿಯಲ್ಲಿ ರಾಜ್ಯವೆಂಬುದು ನಿಂತ ವಸ್ತುವಲ್ಲ, ‘ಸಲ್ಲುವ’ ವಸ್ತು. ದೇಗುಲಕ್ಕೆ ಬಿಟ್ಟ ಭೂಮಿಯೂ ಹಾಗೆಯೇ. ಭೂಮಿ ಎಲ್ಲಿಗೂ ಹೋಗುವುದಿಲ್ಲವಷ್ಟೆ. ಆದರೆ ಅದರ ಹುಟ್ಟುವಳಿ ವರ್ಷವರ್ಷವೂ ದೇವರ ದೀಪಕ್ಕೋ ಸತ್ರದ ಅನ್ನಕ್ಕೋ ಹೋಗಿ ಸೇರುತ್ತಿದ್ದರೆ ಮಾತ್ರ ದತ್ತಿ ಸಲ್ಲುತ್ತಿದೆ ಎಂದರ್ಥ. ಕಲ್ಲಿನ ಮೇಲೆ ಅಕ್ಷರ ನೆಟ್ಟಗಿದ್ದರೂ ಎಣ್ಣೆ ಗುಡಿಯನ್ನು ಮುಟ್ಟದಿದ್ದರೆ ಆ ಶಾಸನ ಸಲ್ಲಲಿಲ್ಲ.

ನಾಣ್ಯಕ್ಕೂ ಇದೇ ಪದ. ಬಸವಣ್ಣನವರು ಒಂದು ವಚನದಲ್ಲಿ ಈ ಮರ್ತ್ಯಲೋಕವನ್ನು ಕರ್ತಾರನ ಟಂಕಸಾಲೆಗೆ ಹೋಲಿಸಿ, ಇಲ್ಲಿಯ ಪರೀಕ್ಷೆಯಲ್ಲಿ ಗೆದ್ದ ನಾಣ್ಯವೇ ಅಲ್ಲಿಯೂ ಚಲಿಸುವುದೆಂಬ ಅರ್ಥವನ್ನು ‘ಸಲ್’ ಧಾತುವಿನ ಮೇಲೆಯೇ ನಿಲ್ಲಿಸಿದ್ದಾರೆ. ಹನ್ನೆರಡನೆಯ ಶತಮಾನದ ಸಂತೆಯಲ್ಲಿ ಹಣವನ್ನು ಬೆರಳಿನಿಂದ ಚಿಮ್ಮಿಸಿ ನೋಡುವವನಾಡುವ ಪದವೇ ಇಹಪರಗಳ ನಿಕಷವಾಯಿತು. ನೆರೆಯ ತೆಲುಗಿನಲ್ಲಿ ‘ಚೆಲ್ಲದು’ ಎಂದರೆ ಸಲ್ಲದು ಎಂದೇ ಅರ್ಥ; ಯಾದಗಿರಿಯ ಪೂರ್ವಕ್ಕೆ ನಾಲ್ಕಾರು ಹರಿದಾರಿ ಹೋದರೆ ಕಿವಿಗೆ ಬೀಳುತ್ತದೆ.

ಈಗ ಆಕ್ಷೇಪಿಸುವವರನ್ನು ನಾವು ಕೇಳಬಹುದು: ‘ಸಲ್ಲದು’ ಎಂಬುದು ಶುದ್ಧಗನ್ನಡವೋ ಅಲ್ಲವೋ? ಶುದ್ಧವೆಂದು ಅವರು ಒಪ್ಪಲೇಬೇಕು. ಅದರ ಮೂಲಾರ್ಥವಾದರೋ ‘ಹೋಗದು’ ಎಂದೇ. ಹೋಗದು ಎಂಬುದರಿಂದ ಒಗ್ಗದು, ತಕ್ಕುದಲ್ಲ ಎಂಬ ಅರ್ಥವು ಸಹಜವಾಗಿ ಹುಟ್ಟಬಹುದಾದರೆ, ‘ನಡೆಯುತ್ತದೆ’ ಎಂಬುದರಿಂದ ಒಗ್ಗುತ್ತದೆ, ಸಾಕು ಎಂಬ ಅರ್ಥವು ಹುಟ್ಟಲು ದಿಲ್ಲಿಯಿಂದ ಅಪ್ಪಣೆ ಬರಬೇಕೇ? ಹಿಂದುಸ್ತಾನಿ, ಮರಾಠಿಗಳ ನೆರೆಹೊರೆಯಿಂದ ಈ ಪ್ರಯೋಗಕ್ಕೆ ಬಲ ಬಂದಿರಬಹುದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೀಜವು ನಮ್ಮ ಹೊಲದ್ದು. ಮಳೆ ಯಾವ ದಿಕ್ಕಿನಿಂದ ಬಂದಿತೆಂದು ಬೆಳೆಯ ಜಾತಿಯನ್ನು ನಿರ್ಣಯಿಸುವುದು ಸರಿಯಲ್ಲ. (ಹಾಗೆಯೇ ನಮ್ಮವರು ‘ಒಳ್ಳೆಯದು’ ಎಂಬುದಕ್ಕೆ ಹೇಳುವ ‘ಚಲೋ’ ಎಂಬುದನ್ನೂ ಹಿಂದುಸ್ತಾನಿಯ ‘ಚಲೋ’ ಎಂದು ಬಗೆಯುವವರಿದ್ದಾರೆ. ಅದು ‘ಚೆಲುವು’ ಎಂಬುದರ ರೂಪ. ಕಿವಿ ಒಂದನ್ನೇ ನಂಬಿದರೆ ಹೀಗಾಗುತ್ತದೆ.)

‘ನಡೆ’ ಎಂಬ ಧಾತುವು ‘ಸಲ್’ ಧಾತುವಿನ ಕಿರಿಯ ತಂಗಿಯಂತೆ ಅದರ ಕೆಲಸಗಳನ್ನು ಒಂದೊಂದಾಗಿ ವಹಿಸಿಕೊಂಡಿತು. ಇದರ ಸಂತಾನವೂ ದೊಡ್ಡದು: ನಡಿಗೆ, ನಡತೆ, ನಡವಳಿಕೆ, ನಡವಳಿ, ನಡೆಸು, ನಡೆಮಡಿ. (‘ನಡು’, ‘ನಡುವೆ’ ಎಂಬುವನ್ನು ಈ ಮನೆಗೆ ಸೇರಿಸಬಾರದು, ಅದು ಮಧ್ಯ ಎಂಬರ್ಥದ ಬೇರೆ ಶಬ್ದ.) ಶರಣರು ನಡೆ ನುಡಿ ಎಂಬ ಜೋಡಿಯನ್ನು ತಮ್ಮ ಧರ್ಮದ ಅಳತೆಗೋಲಾಗಿ ಮಾಡಿಕೊಂಡರು. ಬಸವಣ್ಣನವರಿಗಿಂತ ಹಿಂದಿನವನೆನ್ನುವ ದೇವರ ದಾಸಿಮಯ್ಯನು ನಮ್ಮ ಸುರಪುರ ಸೀಮೆಯ ಮುದನೂರಿನವನೆಂಬುದನ್ನು ಇಲ್ಲಿ ನೆನೆಯುವುದು ಉಚಿತ. ಸಂಸ್ಕೃತದ ‘ಆಚಾರ’ ಎಂಬುದೂ ಮೂಲದಲ್ಲಿ ನಡಿಗೆಯೇ. ಆದರೆ ಆಚಾರವೆಂದೊಡನೆ ಮಡಿ ಮೈಲಿಗೆಗಳು ನೆನಪಿಗೆ ಬರುವಂತೆ ‘ನಡೆ’ ಎಂದೊಡನೆ ಬರುವುದಿಲ್ಲ. ಮಣ್ಣಿನ ಮೇಲೆ ಹೆಜ್ಜೆಯಿಡುವ ಮನುಷ್ಯನು ಆ ಪದದಲ್ಲಿ ಇನ್ನೂ ಕಾಣುತ್ತಾನೆ. ಇಂದಿಗೂ ಕರ್ನಾಟಕ ಸರ್ಕಾರದ ಆದೇಶಪತ್ರಗಳ ನೆತ್ತಿಯ ಮೇಲೆ ‘ನಡವಳಿಗಳು’ ಎಂದು ಅಚ್ಚಾಗಿರುತ್ತದೆ. ಕಡತವು ಕುಳಿತಲ್ಲಿಂದ ಏಳದಿದ್ದರೂ ಶಿರೋನಾಮೆ ಮಾತ್ರ ಹಾಗೆಯೇ ಇರುತ್ತದೆ.

‘ಹೋಗು’ ಎಂಬುದರ ವಿಚಾರವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಹಳಗನ್ನಡದ ‘ಪೋಗು’ ಎಂಬ ಈ ಧಾತುವಿನಲ್ಲಿ ಅಗಲಿಕೆಯುಂಟು. ಬೆಳೆ ಹೋಯಿತು, ಮಾನ ಹೋಯಿತು, ಒಡೆದು ಹೋಯಿತು, ಹಿರಿಯರು ಹೋದರು. ಆದುದರಿಂದಲೇ ಮನೆಯಿಂದ ಹೊರಡುವವನು ಬರಿದೆ ‘ಹೋಗುತ್ತೇನೆ’ ಎನ್ನಬಾರದು, ‘ಹೋಗಿ ಬರುತ್ತೇನೆ’ ಎನ್ನಬೇಕು. ಹೋದುದು ಇಲ್ಲವಾಗುತ್ತದೆ, ನಡೆಯುವುದು, ಸಲ್ಲುವುದು ಚಲಿಸುತ್ತಲೇ ಇಲ್ಲಿ ಉಳಿಯುತ್ತದೆ. ಆಳುವವರು ತಮ್ಮ ಆಜ್ಞೆಗೆ ‘ನಡೆ’ ಎಂಬ ಪದವನ್ನು ಆರಿಸಿಕೊಂಡುದಕ್ಕೆ ಇದೇ ಕಾರಣವೆಂದು ನನ್ನ ಭಾವನೆ. ಒಬ್ಬ ಅರಸನ ಆಜ್ಞೆ ಒಂದು ಸೀಮೆಯಲ್ಲಿ ‘ನಡೆಯುತ್ತದೆ’. ಆ ಸೀಮೆಯ ಆಚೆ ಅದು ನಡೆಯುವುದಿಲ್ಲ.

ಈ ಅರ್ಥವು ಕಣ್ಣಿಗೆ ಕಟ್ಟಬೇಕಾದರೆ ಜೈಮಿನಿ ಭಾರತವನ್ನು ನೋಡಬೇಕು. ಧರ್ಮರಾಯನ ಯಜ್ಞಾಶ್ವವು ತನ್ನಿಚ್ಛೆಯಂತೆ ನಡೆಯುತ್ತದೆ. ಸೈನ್ಯವು ಅದರ ಹಿಂದೆ ನಡೆಯುತ್ತದೆ. ಕುದುರೆ ತಡೆಯಿಲ್ಲದೆ ನಡೆದ ನೆಲದಲ್ಲಿ ಧರ್ಮರಾಯನ ಆಜ್ಞೆ ನಡೆಯುತ್ತದೆ. ಒಪ್ಪದವನು ವಾದಿಸುವುದಿಲ್ಲ, ಕುದುರೆಯನ್ನು ಕಟ್ಟುತ್ತಾನೆ. ಸುಧನ್ವ, ಬಭ್ರುವಾಹನ, ತಾಮ್ರಧ್ವಜ ಇವರ ಕಥೆಗಳೆಲ್ಲ ನಡೆಯುವ ಕುದುರೆಯನ್ನು ತಡೆದವರ ಕಥೆಗಳೇ. ರಾಮನ ಕುದುರೆಯನ್ನು ಲವನೆಂಬ ಬಾಲಕನು ಕಟ್ಟಿದ ಪ್ರಸಂಗವನ್ನು ನಮ್ಮ ಹಳ್ಳಿಗಳಲ್ಲಿ ಅರಿಯದವರಿಲ್ಲ. ಹೀಗೆ ನಡಿಗೆಯೆಂಬ ಒಂದೇ ಕ್ರಿಯೆಯ ಮೇಲೆ ಲಕ್ಷ್ಮೀಶನು ವಾರ್ಧಕ ಷಟ್ಪದಿಯ ಮಹಾಕಾವ್ಯವನ್ನು ಕಟ್ಟಿದನು.

ಲಕ್ಷ್ಮೀಶನ ಹೆಸರೆತ್ತಿದ ಮೇಲೆ ದೇವಾಪುರದವರು ಸುಮ್ಮನಿರುವುದಿಲ್ಲ. ಕವಿಯು ತನ್ನ ಊರನ್ನು ದೇವಪುರವೆಂದು ಕರೆದುಕೊಂಡಿದ್ದಾನೆ. ಅದು ಸುರಪುರದ ಬಳಿಯ ಈ ದೇವಾಪುರವೇ ಎಂದು ನಮ್ಮ ಕಡೆಯ ಅಭಿಮಾನಿಗಳ ವಾದ. ಕಡೂರು ತಾಲ್ಲೂಕಿನ ದೇವನೂರೆಂದು ವಿದ್ವಾಂಸರಲ್ಲಿ ಬಹುಜನರ ಮತ. ಸಾಕ್ಷ್ಯದ ತಕ್ಕಡಿಯು ದೇವನೂರಿನ ಕಡೆಗೇ ತೂಗುತ್ತದೆಂದು ನನಗೆ ತೋರುತ್ತದೆ. ಇದನ್ನು ಹೇಳಿದುದಕ್ಕಾಗಿ ಊರಿನವರು ನನ್ನ ಮೇಲೆ ಮುನಿಯಬಾರದು. ಏಕೆಂದರೆ, ಕವಿಯ ಕುದುರೆ ನಮ್ಮೂರಿನಿಂದ ಹೊರಟಿತೋ ಇಲ್ಲವೋ, ‘ಆಜ್ಞೆ ನಡೆಯುವುದು’ ಎಂಬುದರ ನಿಜವಾದ ಪರೀಕ್ಷೆಯೊಂದು ದೇವಾಪುರದಲ್ಲಿ ಜರುಗಿದುದಕ್ಕೆ ಚರಿತ್ರೆಯ ಆಧಾರವುಂಟು.

ಔರಂಗಜೇಬನು ದಕ್ಷಿಣಕ್ಕೆ ಇಳಿದು ಇಪ್ಪತ್ತಕ್ಕೂ ಮಿಕ್ಕ ವರ್ಷಗಳು ಸಂದಿದ್ದುವು. ವಿಜಾಪುರ ೧೬೮೬ರಲ್ಲಿಯೂ ಗೋಲ್ಕೊಂಡ ೧೬೮೭ರಲ್ಲಿಯೂ ಅವನ ಕೈಸೇರಿದುವು. ಆದರೂ ವಾಗಿನಗೇರಿಯ ಬೇಡ ನಾಯಕರ ಸೀಮೆಯಲ್ಲಿ ಅವನ ಫರ್ಮಾನು ನಡೆಯಲಿಲ್ಲ. ೧೭೦೫ರ ಫೆಬ್ರವರಿಯಲ್ಲಿ ಮುದಿ ಬಾದಶಹನು ತಾನೇ ಬಂದು ಕೋಟೆಯನ್ನು ಮುತ್ತಿದನು. ಅವನ ಬಾಳಿನ ಕಡೆಯ ಮುತ್ತಿಗೆಯಿದು. ಏಪ್ರಿಲ್ ತಿಂಗಳ ಕೊನೆಗೆ ಕೋಟೆ ವಶವಾಯಿತು. ಪಿಡ್ಡ ನಾಯಕನು ಮಾತ್ರ ರಾತ್ರಿಯ ಕತ್ತಲೆಯಲ್ಲಿ ತನ್ನವರೊಡನೆ ಪಾರಾಗಿದ್ದನು. ಬರಿಯ ಗೋಡೆಗಳನ್ನು ಗೆದ್ದ ಬಾದಶಹನು ಮಳೆಗಾಲವನ್ನು ಕಳೆಯಲೆಂದು ವಾಗಿನಗೇರಿಯ ದಕ್ಷಿಣಕ್ಕೆ, ಕೃಷ್ಣೆಯ ಕಡೆಗಿರುವ ದೇವಾಪುರದಲ್ಲಿ ಬೀಡುಬಿಟ್ಟನು. ಇಲ್ಲಿಯೇ ಅವನು ಕಠಿನವಾದ ಕಾಯಿಲೆಗೆ ಬಿದ್ದನು. ಆಗ ಅವನಿಗೆ ಎಂಬತ್ತಾರು ವರ್ಷ. ಬಾದಶಹನು ಕಣ್ಣುಮುಚ್ಚಿದರೆ ಶತ್ರುಗಳ ನಡುವೆ ತಮ್ಮ ಗತಿಯೇನೆಂದು ದಂಡಿನವರೆಲ್ಲ ದಿಗಿಲುಗೊಂಡರೆಂದು ಜದುನಾಥ ಸರ್ಕಾರರು ತಮ್ಮ ಇತಿಹಾಸಗ್ರಂಥದಲ್ಲಿ ವಿವರಿಸಿದ್ದಾರೆ. ಚೇತರಿಸಿಕೊಂಡು ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಹೊರಟವನು ಮೆಲ್ಲಮೆಲ್ಲನೆ ಪಯಣಮಾಡಿ ೧೭೦೬ರ ಜನವರಿಯಲ್ಲಿ ಅಹಮದನಗರವನ್ನು ಸೇರಿದನು. ೧೭೦೭ರಲ್ಲಿ ಅಲ್ಲಿಯೇ ತೀರಿಕೊಂಡನು. ಕಾಬೂಲಿನಿಂದ ಕೃಷ್ಣೆಯವರೆಗೆ ಹಬ್ಬಿದ ದೊರೆತನವು ತಿಂಗಳುಗಟ್ಟಲೆ ನಿಂತು ಉಸಿರು ಸುಧಾರಿಸಿಕೊಂಡ ಊರು ದೇವಾಪುರ. ಆ ಬೀಡು ಕಿತ್ತ ಮೇಲೆ ಈ ಸೀಮೆಯಲ್ಲಿ ಆಜ್ಞೆ ನಡೆದುದು ನಾಯಕರದೇ. ಅವರ ವಂಶವು ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕನ ೧೮೫೮ರ ಬಂಡಾಯದವರೆಗೂ ಆಳಿತು. ೧೮೬೦ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಒಪ್ಪಿಸಿದರು.

ಮೊಗಲ ದೊರೆಗಳು ಹೊತ್ತು ಸಾಗಿಸುವ ಸಿಂಹಾಸನವನ್ನು ‘ತಖ್ತೆ ರವಾನ್’ ಎನ್ನುತ್ತಿದ್ದರು. ‘ರವಾನ್’ ಎಂದರೆ ನಡೆಯುವ, ಚಲಿಸುವ ಎಂದು ಪಾರಸಿಯಲ್ಲಿ ಅರ್ಥ. ಆ ಸಿಂಹಾಸನಗಳು ಮಣ್ಣಾದುವು. ‘ರವಾನ್’ ಮಾತ್ರ ನಮ್ಮ ಅಡತಿ ಅಂಗಡಿಗಳಲ್ಲಿ ‘ತೊಗರಿ ರವಾನೆ ಆಯ್ತು’ ಎಂಬಲ್ಲಿ ಸುಖವಾಗಿದೆ. ಬಹಮನಿ, ಆದಿಲಶಾಹಿ, ಮೊಗಲ, ನಿಜಾಮ ಹೀಗೆ ಅನೇಕ ಶತಮಾನಗಳ ಕಾಲ ಈ ಸೀಮೆಯ ಮೇಲಿನ ಕಚೇರಿಗಳಲ್ಲಿ ಪಾರಸಿಯೂ, ಹೈದರಾಬಾದಿನಲ್ಲಿ ೧೮೮೪ರಿಂದ ಈಚೆಗೆ ಉರ್ದುವೂ ನಡೆದುವು. ಆಗ ಬಂದು ನೆಲೆಸಿದ ಪದಗಳನ್ನು ಒಡೆದು ನೋಡಿದರೆ ಒಂದು ವಿಸ್ಮಯ ಕಾದಿದೆ. ‘ಜಾರಿ’ ಎಂಬುದು ಅರಬ್ಬಿಯಲ್ಲಿ ಹರಿಯುವುದು, ಓಡುವುದು. ‘ದಾಖಲು’ ಎಂದರೆ ಒಳಹೊಕ್ಕುದು; ‘ಖಾರಿಜು’ ಎಂದರೆ ಹೊರಬಿದ್ದುದು. ‘ಆಮದು’ ಎಂದರೆ ಪಾರಸಿಯಲ್ಲಿ ‘ಬಂದಿತು’, ‘ರಫ್ತು’ ಎಂದರೆ ‘ಹೋಯಿತು’. ದೇಶದ ವ್ಯಾಪಾರವನ್ನೆಲ್ಲ ಬಂತು ಹೋಯಿತುಗಳಲ್ಲಿ ಮುಗಿಸಿದ್ದಾರೆ. ಖಜಾನೆಗೆ ಹಣ ಕಟ್ಟುವ ‘ಚಲನ್’, ನಾಣ್ಯದ ‘ಚಲಾವಣೆ’, ಖಾತೆಯ ‘ಚಾಲ್ತಿ’ ಇವೆಲ್ಲ ‘ಚಲ್’ ಎಂಬುದರಿಂದ ಬಂದುವು. ಆ ‘ಚಲ್’ ಎಂಬುದಾದರೂ ನಾವು ಪಾಠಶಾಲೆಯಲ್ಲಿ ಉರುಹೊಡೆದ ಚಲ ಧಾತುವಿನ ಸಂತತಿ. ಎಲ್ಲವೂ ಚಲನೆಯ ಪದಗಳೇ! ಇವು ಅಧಿಕಾರದ ಬಲದಿಂದ ಮಾತ್ರ ನಮ್ಮಲ್ಲಿ ನೆಲೆಗೊಂಡುವೆಂದು ನನಗೆ ಅನ್ನಿಸುವುದಿಲ್ಲ. ದತ್ತಿಯು ಸಲ್ಲುತ್ತದೆ, ಆಜ್ಞೆಯು ನಡೆಯುತ್ತದೆ ಎಂದು ಮೊದಲೇ ಎಣಿಸುತ್ತಿದ್ದ ಜನಕ್ಕೆ ಹುಕುಮು ಜಾರಿಯಾಗುತ್ತದೆ ಎಂಬುದು ಹೊಸ ಎಣಿಕೆಯಾಗಿರಲಿಲ್ಲ. ದಾರಿ ಹಳೆಯದು, ಗಾಡಿ ಮಾತ್ರ ಹೊಸದು.

ಹಿಡುವಳಿಗಳ ವಿಷಯದಲ್ಲಿ ಈ ಪದಗಳು ಜನರ ಅನ್ನವನ್ನೇ ನಿರ್ಣಯಿಸುತ್ತಿದ್ದುವು. ‘ನಡೆದು ಬಂದ’ ಎಂಬ ಎರಡು ಪದಗಳೇ ಎಷ್ಟೋ ಮನೆತನಗಳಿಗೆ ಹಕ್ಕುಪತ್ರವಾಗಿದ್ದುವು. ಮುತ್ತಜ್ಜನ ಕಾಲದಿಂದ ನಡೆದು ಬಂದ ಇನಾಮು, ನಡೆದು ಬಂದ ಮಾನ, ಜಾತ್ರೆಯಲ್ಲಿ ನಡೆದು ಬಂದ ಸರದಿ. ಅದೇ ಎರಡು ಪದಗಳು ಬಿಟ್ಟಿದುಡಿಮೆಗೂ ಸಮರ್ಥನೆಯಾಗಿದ್ದುವೆಂಬುದನ್ನು ಮರೆಯಬಾರದು; ‘ಇದು ನಡೆದು ಬಂದದ್ದು’ ಎಂಬ ಒಂದೇ ಮಾತಿನಿಂದ ಕೂಲಿಯಿಲ್ಲದೆ ದುಡಿದವರು ಈ ಊರುಗಳಲ್ಲಿ ಕಡಿಮೆಯಲ್ಲ. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತಕ್ಕೆ ಸೇರಿತು. ೧೯೪೯ರಲ್ಲಿ ಜಾಗೀರುಗಳು ರದ್ದಾದುವು. ಇನಾಮುಗಳ ರದ್ದತಿಗೆ ೧೯೫೫ರಲ್ಲಿ ಕಾಯಿದೆಯಾಯಿತು. ನಡೆದು ಬಂದುದು ನಿಂತಿತು. ನಿಲ್ಲಬೇಕಾದುದು ಅದರಲ್ಲಿ ಬಹಳವಿತ್ತು.

ನಾಣ್ಯವೂ ಬದಲಾಯಿತು. ನಿಜಾಮರ ‘ಹಾಲಿ’ ರೂಪಾಯಿ ಮತ್ತು ಯಂತ್ರದಲ್ಲಿ ಅಚ್ಚಾದುದೆಂಬರ್ಥದ ‘ಕಲ್ದಾರ’ ರೂಪಾಯಿ ಎರಡೂ ಈ ಸೀಮೆಯ ಸಂತೆಗಳಿಗೆ ಪರಿಚಿತವಾಗಿದ್ದುವು. ಭಾರತಕ್ಕೆ ಸೇರಿದ ಮೇಲೆ ೭ ಹಾಲಿಗೆ ೬ ಭಾರತೀಯ ರೂಪಾಯಿ ಎಂಬ ದರ ನಿಂತಿತು. ೧೯೫೦ರ ದಶಕ ಮುಗಿಯುವಷ್ಟರಲ್ಲಿ ಹಾಲಿಯು ಹೆಣ್ಣುಮಕ್ಕಳ ಕೊರಳ ಸರವನ್ನೂ ಹಿರಿಯರ ನೆನಪನ್ನೂ ಸೇರಿತು. ಹಾಲಿಯನ್ನು ಕುರಿತು ಮುದುಕರು ‘ಅದು ಹೋಯ್ತು’ ಎನ್ನುತ್ತಿರಲಿಲ್ಲ. ‘ಈಗ ನಡಿಯಂಗಿಲ್ಲ’ ಎನ್ನುತ್ತಿದ್ದರು. ಬೆಳ್ಳಿ ಕೈಯಲ್ಲಿಯೇ ಇತ್ತಷ್ಟೆ.

ಸಲ್ಲುವುದಕ್ಕೂ ನಡೆಯುವುದಕ್ಕೂ ಈಚೆಗೆ ಬಿದ್ದ ಒಂದು ವ್ಯಾಜ್ಯವನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಹತ್ತು ರೂಪಾಯಿಯ ನಾಣ್ಯವು ಖೋಟಾ ಎಂಬ ಗುಲ್ಲು ಎದ್ದು, ಕರ್ನಾಟಕದ ಎಷ್ಟೋ ಊರುಗಳಲ್ಲಿ ಅದನ್ನು ಯಾರೂ ಮುಟ್ಟದಂತಾಯಿತು. ಆ ನಾಣ್ಯದ ಹದಿನಾಲ್ಕು ಬಗೆಯ ಅಚ್ಚುಗಳೂ ಸಲ್ಲತಕ್ಕವೇ ಎಂದು ರಿಸರ್ವ್ ಬ್ಯಾಂಕು ೨೦೧೮ರ ಜನವರಿಯಲ್ಲಿ ಪ್ರಕಟಿಸಿತು. ಪ್ರಕಟಣೆಯನ್ನು ಓದಿ ಹೇಳಿದರೆ ಕಾಯಿಪಲ್ಲೆ ಮಾರುವ ಹೆಣ್ಣುಮಗಳು ನಾಣ್ಯವನ್ನು ಹಿಂದಕ್ಕೆ ನೀಡಿ, “ಸರಕಾರದಾಗ ನಡೀತಿರಬೇಕ್ರಿ ಮಾಸ್ತರ, ಇಲ್ಲಿ ನಡಿಯಂಗಿಲ್ಲ. ನೋಟು ಕೊಡ್ರಿ” ಎನ್ನುತ್ತಿದ್ದಳು.